ಹತ್ತು ಚಮಚದ ತೂಕ

ಫೆಬ್ರವರಿ 9

ಪಿಟೀಲು,

ಕವರಿನ ಮೇಲಿನ ಅಕ್ಷರ ನೋಡಿಯೇ ಮೂಗು ಮುರಿಯಬೇಡ. ಫೋನಿನಲ್ಲಿ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಒಂದೂವರೆ ವರ್ಷವಾಯಿತು, ಅದಕ್ಕೇ ಈ ಅಂಚೆಯ ದಾರಿ. ಹರಿದು ಹಾಕುವುದಾದರೆ ಹಾಕು, ಆದರೆ ಓದಿ ಹರಿ.

ಪಾಪು ಹುಟ್ಟಿದ ಸುದ್ದಿ ಚಿಕ್ಕಮ್ಮನಿಂದ ಬಂತು. ತಿಂಗಳು ತುಂಬುವ ಮೊದಲೇ ಹುಟ್ಟಿತಂತೆ, ಎರಡು ಕಿಲೋ ಕೂಡ ಇರಲಿಲ್ಲವಂತೆ, ಮಾಮೂಲಿ ಹಾಲು ಹೊಟ್ಟೆಯಲ್ಲಿ ನಿಲ್ಲುವುದಿಲ್ಲವಂತೆ. ಒಡಹುಟ್ಟಿದವಳ ಮಗುವಿನ ವಿಷಯವನ್ನು ಹೀಗೆ ಅಂತೆಕಂತೆಯಲ್ಲಿ ಕೇಳಬೇಕಾಯಿತಲ್ಲ ಎಂದು ಆ ದಿನ ಊಟ ಸೇರಲಿಲ್ಲ. ಡಾಕ್ಟರು ಬರೆದುಕೊಟ್ಟಿರುವುದು ನಮ್ಮ ಕಾರ್ಖಾನೆಯ ಪುಡಿಯನ್ನೇ ಎಂದು ತಿಳಿದಾಗ ಮಾತ್ರ ಕುಣಿದಾಡುವ ಹಾಗಾಯಿತು. ಎಂಟು ಡಬ್ಬಿ ಕಳಿಸಿದ್ದೇನೆ. ನನ್ನ ಪಾಳಿಯಲ್ಲಿ, ನನ್ನ ಕಣ್ಣೆದುರೇ ಒಣಗಿದ ಪುಡಿ.

ನೀನು ನನ್ನ ಕೆಲಸ ಏನೆಂದು ಯಾವತ್ತೂ ಕೇಳಿದವಳಲ್ಲ, ಆದರೂ ಹೇಳುತ್ತೇನೆ. ನಾಲ್ಕು ಅಂತಸ್ತಿನಷ್ಟು ಎತ್ತರದ ಉಕ್ಕಿನ ಗೋಪುರ. ಶಿಶುಗಳಿಗೆಂದೇ ಬೆರೆಸಿದ ಗಟ್ಟಿ ಹಾಲನ್ನು ಅದರ ನೆತ್ತಿಯಿಂದ ಮಂಜಿನ ಹಾಗೆ ಸಿಂಪಡಿಸುತ್ತೇವೆ, ಜೊತೆಗೇ ಬಿಸಿಗಾಳಿ ನುಗ್ಗಿಸುತ್ತೇವೆ. ಹನಿ ತಳ ಮುಟ್ಟುವಷ್ಟರಲ್ಲಿ ಪುಡಿಯಾಗಿರುತ್ತದೆ. ಆ ಗಾಳಿ ಹೊರಗೆ ಹೋಗುವ ಕೊಳವೆಗೆ ಒಂದು ಮಾಪಕ ಇದೆ. ಅದರ ಮುಳ್ಳು ಎಂಬತ್ತು ಡಿಗ್ರಿಯಲ್ಲಿ ನಿಂತರೆ ಪುಡಿ ಹದ. ಏರಿದರೆ ಸೀಯುತ್ತದೆ, ಇಳಿದರೆ ಹಸಿಯಾಗಿ ಗೋಡೆಗೆ ಅಂಟುತ್ತದೆ. ಹದಿನಾರು ವರ್ಷದಿಂದ ಆ ಮುಳ್ಳನ್ನು ನಾನು ಅಲ್ಲಾಡಲು ಬಿಟ್ಟಿಲ್ಲ. ಇಲ್ಲಿ ಎಲ್ಲರೂ ನನ್ನನ್ನು ಎಂಬತ್ತಮ್ಮ ಎಂದೇ ಕರೆಯುವುದು.

ಅಮ್ಮನ ವಿಷಯ ಬರೆಯಲು ಹೊರಟು ಕೆಳಗಿನ ಎರಡು ಸಾಲು ಹೊಡೆದು ಹಾಕಿದ್ದೇನೆ. ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ ಅಕ್ಕ

*

ಫೆಬ್ರವರಿ 20

ಅಕ್ಕ,

ಡಬ್ಬಿಗಳು ಬಂದವು. ಥ್ಯಾಂಕ್ಸ್. ನಮ್ಮ ಕಡೆಯ ಅಂಗಡಿಗಳಲ್ಲಿ ಆ ಪುಡಿ ಒಂದು ವಾರ ಸಿಕ್ಕರೆ ಇನ್ನೊಂದು ವಾರ ಇಲ್ಲ, ಹಾಗಾಗಿ ವಾಪಸು ಕಳಿಸುವಷ್ಟು ಬಿಂಕ ನನಗಿಲ್ಲ.

ಹೊಡೆದು ಹಾಕಿದ ಸಾಲನ್ನು ಬೆಳಕಿಗೆ ಹಿಡಿದು ನೋಡಿದೆ. ‘ಗೋಪುರ ಓಡುತ್ತಿತ್ತು’ ಎಂಬಷ್ಟು ಕಂಡಿತು. ಅಮ್ಮ ಹೋದ ದಿನ ಫೋನಿನಲ್ಲೂ ನೀನು ಅದನ್ನೇ ಹೇಳಿದ್ದೆ. ‘ಗೋಪುರ ಓಡ್ತಿದೆ ಕಣೇ, ಬದಲಿಯವರು ಬರೋವರೆಗೂ ಬಿಟ್ಟು ಬರೋಕಾಗಲ್ಲ.’ ನೀನು ಬಂದದ್ದು ಮರುದಿನ ಸಂಜೆ. ಆಗ ಮನೆಯಲ್ಲಿ ಇದ್ದದ್ದು ಅಮ್ಮನ ಖಾಲಿ ಮಂಚ, ಅದರ ಪಕ್ಕ ನಾನು. ಅದಕ್ಕಿಂತ ಹೆಚ್ಚು ಇದರ ಬಗ್ಗೆ ಬರೆಯಲಾರೆ.

ಪಾಪುವಿಗೆ ಎರಡು ತಿಂಗಳಾಯಿತು. ನಿನ್ನ ಪುಡಿ ಹೊಟ್ಟೆಯಲ್ಲಿ ನಿಲ್ಲುತ್ತದೆ, ವಾಂತಿ ಇಲ್ಲ. ಆದರೆ ತೂಕ ಏರುತ್ತಿಲ್ಲ. ಕ್ಲಿನಿಕ್ಕಿನ ನರ್ಸಮ್ಮ ವಾರಕ್ಕೊಮ್ಮೆ ತೂಗುತ್ತಾರೆ. ಏರಬೇಕಾದದ್ದು ನೂರೈವತ್ತು ಗ್ರಾಂ, ಏರುವುದು ನಲವತ್ತು, ಐವತ್ತು. ಬಾಟಲಿ ಖಾಲಿಯಾದ ಮೇಲೂ ಬಿಡುವುದಿಲ್ಲ ಅಕ್ಕ. ಗಾಳಿ ಚೀಪುತ್ತ ಕಿರುಚುತ್ತಾಳೆ. ಇವರು ಎತ್ತಿಕೊಂಡು ಓಡಾಡುತ್ತಾರೆ, ನಾನು ಅಡುಗೆಮನೆ ಬಾಗಿಲು ಹಾಕಿಕೊಂಡು ಕಿವಿ ಮುಚ್ಚಿಕೊಳ್ಳುತ್ತೇನೆ.

ತಂಗಿ

*

ಮಾರ್ಚ್ 1

ಪಿಟೀಲು,

ಕಿರುಚುವುದು ನಿನ್ನಿಂದಲೇ ಬಂದ ಬಳುವಳಿ. ನಿನಗೆ ಈ ಹೆಸರು ಸುಮ್ಮನೆ ಬೀಳಲಿಲ್ಲ, ಓಣಿಯವರೆಲ್ಲ ಸೇರಿ ಇಟ್ಟದ್ದು. ಅಷ್ಟಕ್ಕೆಲ್ಲ ಹೆದರಬೇಡ.

ಕೋಪ ಮಾಡಿಕೊಳ್ಳಬೇಡ, ಒಂದು ಮಾತು ಕೇಳುತ್ತೇನೆ. ಅಳತೆಯಲ್ಲಿ ನೀನು ಸಣ್ಣವಳಿದ್ದಾಗಿನಿಂದ ಅಡ್ಡಾದಿಡ್ಡಿ. ಪುಡಿಯನ್ನು ಸರಿಯಾಗಿ ಹಾಕುತ್ತೀಯಾ? ಡಬ್ಬಿಯೊಳಗಿನ ಚಮಚವನ್ನೇ ಬಳಸು. ಅದ್ದಿ ತೆಗೆದು ಚಾಕುವಿನ ಬೆನ್ನಿನಿಂದ ಮಟ್ಟಸ ಮಾಡು. ಮೂವತ್ತು ಮಿಲಿ ನೀರಿಗೆ ಒಂದು ಚಮಚ, ನೀರು ಮೊದಲು, ಪುಡಿ ಆಮೇಲೆ. ಎಣಿಸುವಾಗ ಯಾರೊಂದಿಗೂ ಮಾತಿಗಿಳಿಯಬೇಡ.

ಪುಡಿಯಲ್ಲಿ ದೋಷ ಇರಲು ಸಾಧ್ಯವೇ ಇಲ್ಲ. ಪ್ರತಿ ಬ್ಯಾಚಿನ ತೇವ, ಕೊಬ್ಬು, ಸತ್ವ, ಎಲ್ಲವನ್ನೂ ಲ್ಯಾಬಿನವರು ನೋಡುತ್ತಾರೆ. ಆ ಹಾಳೆಯ ಕೆಳಗೆ ನಾನೇ ಸಹಿ ಹಾಕುತ್ತೇನೆ. ನವೆಂಬರಿನಲ್ಲಿ ಬಂದ ಹೊಸ ಸಾಹೇಬರು ಮೊದಲ ದಿನವೇ ಕೇಳಿದರು, ‘ಒಳಗೆ ಹೋಗೋ ಗಾಳಿ ಬರೀ ನೂರ ಅರವತ್ತೈದು ಯಾಕಮ್ಮಾ? ಇನ್ನೂರಕ್ಕೆ ಏರ್ಸಿ, ಹಾಲು ಜಾಸ್ತಿ ಬಿಡಿ.’ ನಾನು ಬಿಡಲಿಲ್ಲ. ‘ಒಳಗಿಂದು ನೀವು ಎಷ್ಟು ಬೇಕಾದ್ರೂ ಏರ್ಸಿ ಸಾರ್, ಹೊರಗಿನ ಎಂಬತ್ತು ಅಲ್ಲಾಡಿದ್ರೆ ನಾನು ಸುಮ್ನಿರಲ್ಲ’ ಎಂದೆ. ಬಿಸಿ ಏರಿಸಿದ ಹಾಗೆಲ್ಲ ಸಿಂಪಡಣೆಯನ್ನೂ ಜೋರು ಮಾಡುತ್ತ ಹೋದೆ, ಮುಳ್ಳು ಎಂಬತ್ತಕ್ಕೇ ಕಚ್ಚಿಕೊಂಡು ನಿಂತಿತು. ಈಗ ಮೊದಲಿನ ಒಂದೂವರೆ ಪಟ್ಟು ಪುಡಿ ಬರುತ್ತದೆ. ಪ್ಯಾಕಿಂಗ್ ಹೆಂಗಸರು ಮಾತ್ರ ನನ್ನನ್ನು ಕಂಡರೆ ಗೊಣಗುತ್ತಾರೆ. ಅದೇ ನಾನೂರು ಗ್ರಾಂ ಹಳೆಯ ಡಬ್ಬಿಯಲ್ಲಿ ಹಿಡಿಸುತ್ತಿಲ್ಲವಂತೆ, ಅದಕ್ಕೆ ಎತ್ತರದ ಡಬ್ಬಿ ತರಿಸಿದ್ದಾರೆ. ಡಬ್ಬಿ ತುಂಬಿ ತುಳುಕಿದರೆ ಯಾರಿಗೆ ನಷ್ಟ ಹೇಳು!

ಮಟ್ಟಸ ಮಾಡುವುದನ್ನು ಮರೆಯಬೇಡ.

ಅಕ್ಕ

*

ಮಾರ್ಚ್ 14

ಅಕ್ಕ,

ನಿನ್ನ ಪತ್ರವನ್ನು ಇವರು ಓದಿದರು. ಅವತ್ತಿನಿಂದ ನಾನು ಬಾಟಲಿ ಬೆರೆಸುವಾಗ ಅಡುಗೆಮನೆ ಬಾಗಿಲಲ್ಲಿ ನಿಂತು ಚಮಚ ಎಣಿಸುತ್ತಾರೆ. ಬಾಯಿ ಬಿಟ್ಟು ಎಣಿಸುವುದಿಲ್ಲ, ತುಟಿ ಅಲ್ಲಾಡುವುದು ನನಗೆ ಕಾಣುತ್ತದೆ.

ಮೊನ್ನೆ ನರ್ಸಮ್ಮ ಪಾಪುವನ್ನು ತೂಗಿ, ಎರಡು ಸಲ ತೂಗಿ, ನನ್ನ ಮುಖ ನೋಡಿದರು. ‘ಪುಡಿ ಉಳಿಸ್ತಿದ್ದೀಯೇನಮ್ಮ? ನಿಜ ಹೇಳು, ಯಾರೂ ಹೊಡೆಯಲ್ಲ’ ಎಂದರು. ಇಡೀ ಬೆಂಚಿನವರು ತಿರುಗಿ ನೋಡಿದರು. ನಾನು ಇಲ್ಲ ಎಂದೆ. ಮಟ್ಟಸ ಹಾಕುತ್ತೇನೆ ಎಂದೆ, ಚಾಕುವಿನ ಬೆನ್ನಿನಿಂದ ಸವರುತ್ತೇನೆ ಎಂದೆ. ಅವರು ಕಾರ್ಡಿನ ಮೇಲೆ ಬರೆದರು. ಮನೆಗೆ ಬಂದು ಓದಿದೆ. ‘ತಾಯಿ ಸರಿಯಾಗಿ ಉಣಿಸುತ್ತಿಲ್ಲ. ಪುಡಿ ಕಡಿಮೆ, ನೀರು ಹೆಚ್ಚು.’

ಇಪ್ಪತ್ತೆಂಟನೇ ತಾರೀಕಿನೊಳಗೆ ತೂಕ ಏರದಿದ್ದರೆ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ಮೂಗಿನಲ್ಲಿ ನಳಿಕೆ ಹಾಕಿ ಅವರೇ ಉಣಿಸುತ್ತಾರೆ. ನನ್ನನ್ನು ಸಂಜೆ ಒಂದು ಗಂಟೆ ಮಾತ್ರ ಒಳಗೆ ಬಿಡುತ್ತಾರೆ, ಅದೂ ಇನ್ನೊಬ್ಬರ ಎದುರು. ಅಂದರೆ ನನ್ನ ಮಗುವಿನ ಹತ್ತಿರ ನನ್ನೊಬ್ಬಳನ್ನೇ ಬಿಡಲು ಅವರಿಗೆ ಧೈರ್ಯವಿಲ್ಲ.

ನೀನು ಕೂಡ ನನ್ನನ್ನೇ ಕೇಳಿದೆಯಲ್ಲ, ಅಳತೆ ಸರಿಯೇ ಎಂದು. ಕೇಳು. ಎಣಿಸಿ ಎಣಿಸಿ ನನಗೆ ತಲೆ ಕೆಟ್ಟಿದೆ. ಈ ಪುಡಿ ಚಮಚದಲ್ಲಿದ್ದರೂ ಇಲ್ಲದ ಹಾಗೆ ಹಗುರ. ಬಾಟಲಿಯ ಮೇಲೆ ಬಗ್ಗಿ ಒಂದು ನಿಟ್ಟುಸಿರು ಬಿಟ್ಟರೆ ಹಾರಿ ಹೋಗುತ್ತದೆ. ಅದಕ್ಕೆ ಉಸಿರು ಹಿಡಿದುಕೊಂಡು ಹಾಕುತ್ತೇನೆ. ಇದಕ್ಕಿಂತ ಮಟ್ಟಸ ಹೇಗೆ ಹಾಕಬೇಕೋ ಬಂದು ತೋರಿಸು.

ತಂಗಿ

*

ಮಾರ್ಚ್ 17, ಕೊರಿಯರ್‌ನಲ್ಲಿ

ಇದನ್ನು ನಿಂತಲ್ಲೇ ಓದು. ನಿನ್ನ ಫೋನಿಗೆ ಹನ್ನೊಂದು ಸಲ ಮಾಡಿದೆ, ಚಿಕ್ಕಮ್ಮನದು ಆಫ್.

‘ಹಾರಿ ಹೋಗುತ್ತದೆ’ ಎಂದು ನೀನು ಬರೆದದ್ದನ್ನು ಓದಿದ ಕೂಡಲೇ ಲ್ಯಾಬಿಗೆ ಓಡಿದೆ. ನಮ್ಮ ಪುಡಿ ಹಾರಬಾರದು. ಲ್ಯಾಬಿನ ಹಾಳೆಗಳನ್ನು ಅಕ್ಟೋಬರಿನಿಂದ ತೆಗೆದು ನೋಡಿದೆ. ಕೊನೆಯಲ್ಲಿ ಒಂದು ಕಾಲಂ ಇದೆ, ಒಂದು ಲೋಟ ಪುಡಿ ಎಷ್ಟು ತೂಗುತ್ತದೆ ಎಂದು. ಅದಕ್ಕೆ ಪಾಸು ಫೇಲು ಇಲ್ಲ, ಬರೆದಿಡುವುದಷ್ಟೇ. ನವೆಂಬರಿನಿಂದ ಆ ಅಂಕಿ ಇಳಿಯುತ್ತಲೇ ಬಂದಿದೆ. ಪ್ರತಿ ಹಾಳೆಯಲ್ಲೂ ಅದರ ಕೆಳಗೇ ನನ್ನ ಸಹಿ.

ಹಾಲು ಕಾಯುವಾಗ ಕೆನೆ ಕಟ್ಟುತ್ತದಲ್ಲ, ಆಮೇಲೆ ಅಡಿಯ ಆವಿ ಆ ಕೆನೆಯನ್ನು ಮೇಲಕ್ಕೆ ಉಬ್ಬಿಸುತ್ತದಲ್ಲ, ಹಾಗೇ ಇದು. ಒಳಗೆ ಹೋಗುವ ಗಾಳಿ ತೀರಾ ಬಿಸಿಯಾದರೆ ಹನಿಯ ಮೈಗೆ ಮೊದಲೇ ಚರ್ಮ ಬರುತ್ತದೆ. ಒಳಗಿನ ನೀರು ಆವಿಯಾಗಿ ಅದನ್ನು ಊದಿಸುತ್ತದೆ. ಕಣ ದೊಡ್ಡದು, ಒಳಗೆ ಗಾಳಿ. ತೇವ ನೋಡಿದರೆ ಸರಿ, ಸತ್ವ ನೋಡಿದರೆ ಸರಿ, ಡಬ್ಬಿ ತೂಗಿದರೂ ನಾನೂರು ಗ್ರಾಂ ಸರಿ. ಚಮಚದಲ್ಲಿ ಮಾತ್ರ ತಪ್ಪು. ನಾವು ತೂಗಿ ತುಂಬುತ್ತೇವೆ, ನೀವು ಚಮಚದಲ್ಲಿ ಅಳೆಯುತ್ತೀರಿ. ಇದು ನನಗೆ ಹೊಳೆಯಲಿಲ್ಲ ಪಿಟೀಲು. ಹೊರಗಿನ ಒಂದು ಮುಳ್ಳು ನೋಡುತ್ತ ಕೂತಿದ್ದೆ.

ಔಷಧದ ಅಂಗಡಿಗೆ ಹೋಗು. ಅವರ ತಕ್ಕಡಿಯಲ್ಲಿ ಹತ್ತು ಚಮಚ ಪುಡಿ ತೂಗಿಸು, ಮಟ್ಟಸವಾಗಿ. ನಲವತ್ತೈದು ಗ್ರಾಂ ಬರಬೇಕು. ನಾನು ಇಲ್ಲಿ ತೂಗಿದ್ದೇನೆ, ಎಷ್ಟು ಬಂತೆಂದು ಬರೆಯುವುದಿಲ್ಲ. ನಾನು ತಪ್ಪಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಅಕ್ಕ

*

ಮಾರ್ಚ್ 19

ಅಕ್ಕ,

ಮೂವತ್ತಮೂರು.

ಅಂಗಡಿಯವರು ಮೂರು ಸಲ ತೂಗಿದರು. ಚಮಚ ತಿರುಗಿಸಿ ನೋಡಿದರು, ತಕ್ಕಡಿ ಒರೆಸಿ ನೋಡಿದರು. ಮೂರು ಸಲವೂ ಮೂವತ್ತಮೂರು. ನನ್ನ ಮಗು ಮೂರು ತಿಂಗಳಿನಿಂದ ಮುಕ್ಕಾಲು ಹೊಟ್ಟೆಯಲ್ಲಿದೆ, ನನ್ನ ಕೈಯಾರೆ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ನನ್ನ ತಪ್ಪಲ್ಲ ಎಂದು ಅತ್ತೆನೋ, ಹಸಿದು ಅಳುವ ಮಗುವಿಗೆ ‘ಸುಮ್ಮನಿರೇ ಸಾಕು’ ಎಂದು ಗದರಿದ್ದಕ್ಕೆ ಅತ್ತೆನೋ ಗೊತ್ತಿಲ್ಲ.

ಡಾಕ್ಟರಿಗೆ ಫೋನ್ ಮಾಡಿ ಕೇಳಿದೆವು. ತೂಗಿಯೇ ಹಾಕಿ ಎಂದರು, ಅಂಗಡಿಯವರು ಚಿಕ್ಕ ತಕ್ಕಡಿ ಕೊಟ್ಟರು. ಇವತ್ತು ಮೊದಲ ಬಾಟಲಿಯನ್ನು ಪಾಪು ಮುಗಿಸಲಿಲ್ಲ. ಸ್ವಲ್ಪ ಉಳಿಸಿ, ಮುಖ ತಿರುಗಿಸಿ, ಮಲಗಿಬಿಟ್ಟಳು. ಇಷ್ಟು ಸುಮ್ಮನೆ ಅವಳು ಯಾವತ್ತೂ ಮಲಗಿದ್ದಿಲ್ಲ. ಏನಾಯಿತೋ ಎಂದು ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಇವರು ಬಾಟಲಿ ತೊಳೆದಿಟ್ಟರು. ಅವರ ಮುಖ ನೋಡಲು ನನಗೂ ಆಗಲಿಲ್ಲ.

ಫೋನಿನಲ್ಲಿ ನಿನ್ನ ನಂಬರನ್ನು ಇನ್ನೂ ತೆರೆದಿಲ್ಲ. ನಿನ್ನ ದನಿ ಕೇಳಿದರೆ ಅಳುತ್ತೇನೆ, ಇಲ್ಲವೇ ಬಾಯಿಗೆ ಬಂದಂತೆ ಬೈಯುತ್ತೇನೆ. ಎರಡಕ್ಕೂ ಈಗ ತ್ರಾಣವಿಲ್ಲ.

ಉಳಿದ ಡಬ್ಬಿಗಳ ಗತಿ ಏನು?

ತಂಗಿ

*

ಮಾರ್ಚ್ 22

ಪಿಟೀಲು,

ಪಾಪು ಮಲಗಿದ್ದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಸಾಹೇಬರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೇಳಿದೆ. ಲೋಟದ ತೂಕ ಇಳಿದದ್ದು ಅವರಿಗೆ ಗೊತ್ತಿತ್ತು. ಡಬ್ಬಿ ಎತ್ತರ ಮಾಡಿಸಿದರೆ ಮುಗಿಯಿತು ಎಂದುಕೊಂಡಿದ್ದರಂತೆ, ಚಮಚ ಅವರಿಗೂ ನೆನಪಾಗಲಿಲ್ಲವಂತೆ. ಆಮೇಲೆ ಮೆತ್ತಗೆ ಹೇಳಿದರು, ‘ನಾಳೆಯಿಂದ ಬಿಸಿ ಇಳ್ಸೋಣ ಬಿಡಿ. ಹೋಗಿದ್ದು ಹೋಯ್ತು. ಯಾವ ಮಗುವೂ ಸತ್ತಿಲ್ವಲ್ಲ. ಹಾಳೆಗಳ ಮೇಲೆ ಇರೋದು ನಿಮ್ಮ ಸಹಿ, ಯೋಚನೆ ಮಾಡಿ.’

ಯೋಚನೆ ಮಾಡಿದೆ. ಗೋಪುರ ನೂರ ಅರವತ್ತೈದಕ್ಕೆ ಇಳಿದಿದೆ, ನಾನೇ ನಿಂತು ಇಳಿಸಿದ್ದೇನೆ. ಹೊಸ ಪುಡಿ ಭಾರವಾಗಿದೆ, ಹತ್ತು ಚಮಚಕ್ಕೆ ನಲವತ್ತೈದು. ಅದರಲ್ಲೇ ಹನ್ನೆರಡು ಡಬ್ಬಿ ನಿನಗೆ ಕಳಿಸುತ್ತಿದ್ದೇನೆ. ಹಳೆಯವು ಅಂಗಡಿಗಳಲ್ಲಿ ಇನ್ನೊಂದು ತಿಂಗಳಲ್ಲಿ ತಾವಾಗಿ ಮುಗಿಯುತ್ತವೆ. ಇಪ್ಪತ್ತೆಂಟರಂದು ಪಾಪುವಿನ ತೂಕ ಖಂಡಿತ ಏರಿರುತ್ತದೆ, ಯಾರೂ ನಿನ್ನನ್ನು ಏನೂ ಕೇಳುವುದಿಲ್ಲ. ನೀನೂ ಯಾರಿಗೂ ಹೇಳಬೇಡ. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ ಕಣೇ. ನನಗೆ ಹೆದರಿಕೆಯಾಗಿದೆ.

ಅಕ್ಕ

*

ಮಾರ್ಚ್ 24

ಅಕ್ಕ,

ಇವತ್ತು ಪಾಪುವಿಗೆ ಚುಚ್ಚುಮದ್ದು ಹಾಕಿಸಲು ಕ್ಲಿನಿಕ್ಕಿಗೆ ಹೋಗಿದ್ದೆ. ಬೆಂಚಿನಲ್ಲಿ ಪಕ್ಕಕ್ಕೆ ಒಬ್ಬಳು ಕೂತಿದ್ದಳು. ನನಗಿಂತ ಚಿಕ್ಕವಳು, ಅವಳ ಚೀಲದಿಂದ ನಿನ್ನ ಎತ್ತರದ ಡಬ್ಬಿ ಇಣುಕುತ್ತಿತ್ತು. ಮಡಿಲಲ್ಲಿದ್ದ ಮಗುವಿನ ಕೈ ನನ್ನ ಹೆಬ್ಬೆರಳಷ್ಟು ದಪ್ಪವಿತ್ತು. ಅದು ಖಾಲಿ ಬಾಟಲಿ ಚೀಪುತ್ತಿತ್ತು. ಅವಳು ಯಾರ ಮುಖವನ್ನೂ ನೋಡದೆ ನೆಲ ನೋಡುತ್ತಿದ್ದಳು. ಹೋದ ವಾರ ನಾನೂ ಹಾಗೇ ಕೂತಿದ್ದೆ.

ನೀನು ನನಗೆ ‘ಯಾರಿಗೂ ಹೇಳಬೇಡ’ ಎಂದು ಬರೆದಿದ್ದೀಯ. ಅವಳಿಗೆ ಹೇಳಿದೆ. ತೂಗಿ ಹಾಕು ಎಂದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿ ಎದ್ದು ಬೇರೆ ಬೆಂಚಿಗೆ ಹೋದಳು. ನನ್ನ ಮಾತನ್ನು ಯಾರು ನಂಬುತ್ತಾರೆ? ನನ್ನ ಕಾರ್ಡಿನ ಮೇಲೆ ಬರೆದದ್ದು ಅಲ್ಲಿ ಎಲ್ಲರಿಗೂ ಗೊತ್ತು.

ಯಾವ ಮಗುವೂ ಸತ್ತಿಲ್ಲ ಎಂದು ನಿನ್ನ ಸಾಹೇಬರಿಗೆ ಯಾರು ಹೇಳಿದರು? ಅವರು ಮನೆಮನೆಗೆ ಹೋಗಿ ಎಣಿಸಿ ಬಂದರಾ?

ನಿನ್ನ ಹನ್ನೆರಡು ಡಬ್ಬಿ ನನಗೆ ಬೇಡ. ನಿನಗೆ ಹೆದರಿಕೆಯಾಗುತ್ತದೆ ಎಂದು ನನಗೂ ಗೊತ್ತು, ನಾನು ಕಲ್ಲಲ್ಲ. ಆದರೆ ಒಣಗಿಸಿದವಳು ನೀನು. ನಾನು ಹೇಳಿದರೆ ಅದು ಸುಳ್ಳಾಗುತ್ತದೆ, ನೀನು ಹೇಳಿದರೆ ಮಾತ್ರ ನಿಜವಾಗುತ್ತದೆ. ಇಪ್ಪತ್ತೆಂಟರಂದು ಹತ್ತು ಗಂಟೆಗೆ ನಮ್ಮ ಸರದಿ. ಬಂದರೆ ಬಾ, ಬಿಟ್ಟರೆ ಬಿಡು. ಇನ್ನು ನಾನು ಬರೆಯುವುದಿಲ್ಲ.

ತಂಗಿ

*

ಮಾರ್ಚ್ 28, ನಿಮ್ಮ ಕ್ಲಿನಿಕ್ಕಿನ ಬೆಂಚಿನಿಂದ

ಮಕ್ಕಳನ್ನು ತೂಗುವ ನರ್ಸಮ್ಮನವರಿಗೆ,

ನಮಸ್ಕಾರ. ನಾನು ನಿಮ್ಮ ಬಾಗಿಲಿನ ಹೊರಗೇ ಕೂತಿದ್ದೇನೆ. ಪಕ್ಕದಲ್ಲಿ ನನ್ನ ತಂಗಿ ಇದ್ದಾಳೆ, ಅವಳ ಮಗು ನನ್ನ ತೊಡೆಯ ಮೇಲಿದೆ. ಎದುರಿಗೆ ನಿಂತರೆ ನನಗೆ ನಾಲಿಗೆ ಹೊರಳುವುದಿಲ್ಲ, ಅದಕ್ಕೆ ನಮ್ಮ ಸರದಿ ಬರುವ ಮೊದಲೇ ಈ ಹಾಳೆಯನ್ನು ನಿಮ್ಮ ಮೇಜಿಗೆ ಕಳಿಸುತ್ತಿದ್ದೇನೆ. ದಯವಿಟ್ಟು ಮಗುವನ್ನು ತಕ್ಕಡಿಯಲ್ಲಿ ಇಡುವ ಮೊದಲು ಓದಿ.

ಎತ್ತರದ ಡಬ್ಬಿಯಲ್ಲಿ ಬರುವ ಪುಡಿಯನ್ನು ಒಣಗಿಸಿದವಳು ನಾನು. ನವೆಂಬರಿನಿಂದ ಹೋದ ವಾರದವರೆಗೆ ಬಂದ ಪುಡಿಯ ಒಂದು ಚಮಚದಲ್ಲಿ ಇರಬೇಕಾದ ನಾಲ್ಕೂವರೆ ಗ್ರಾಂ ಇಲ್ಲ, ಮೂರು ಚಿಲ್ಲರೆ ಮಾತ್ರ ಇದೆ. ಬಿಸಿ ಹೆಚ್ಚಾಗಿ ಕಣಗಳು ಊದಿಕೊಂಡಿವೆ. ಲೇಬಲ್ಲಿನಲ್ಲಿ ಬರೆದ ಹಾಗೆ ಅಳೆದು ಹಾಕುವ ತಾಯಿ ಮಗುವಿಗೆ ಕಾಲು ಭಾಗ ಕಡಿಮೆ ಉಣಿಸುತ್ತಾಳೆ. ಎಷ್ಟು ಜಾಗ್ರತೆಯಿಂದ ಅಳೆದರೂ ಅಷ್ಟೇ. ನಿಮ್ಮ ಔಷಧದ ತಕ್ಕಡಿಯಲ್ಲಿ ಈಗಲೇ ತೂಗಿ ನೋಡಿ, ಡಬ್ಬಿಯನ್ನು ಈ ಹಾಳೆಯ ಜೊತೆ ಇಟ್ಟಿದ್ದೇನೆ. ಯಾವ ಯಾವ ಬ್ಯಾಚು ಎಂಬ ಪಟ್ಟಿ ಹಿಂದಿನ ಪುಟದಲ್ಲಿದೆ. ಇದನ್ನೇ ಹೋಲುವ ಪತ್ರವನ್ನು ಪುಡಿ ಹೋದ ಎಲ್ಲ ಊರುಗಳ ಕ್ಲಿನಿಕ್ಕುಗಳಿಗೆ ನಿನ್ನೆ ಅಂಚೆಗೆ ಹಾಕಿದ್ದೇನೆ, ಆರೋಗ್ಯ ಇಲಾಖೆಗೂ ಹಾಕಿದ್ದೇನೆ. ಇಪ್ಪತ್ತಾರರಂದು ಗೋಪುರವನ್ನು ನಾನೇ ನಿಲ್ಲಿಸಿ, ಹಳೆಯ ಡಬ್ಬಿಗಳನ್ನು ವಾಪಸು ತರಿಸುವವರೆಗೆ ಓಡಿಸುವುದಿಲ್ಲ ಎಂದು ಕಾರಣ ಬರೆದು, ಸಹಿ ಹಾಕಿ ಹೊರಗೆ ಬಂದೆ. ಗೇಟಿನಲ್ಲಿ ನನ್ನ ಗುರುತಿನ ಚೀಟಿ ತೆಗೆದುಕೊಂಡರು.

ಇಷ್ಟು ಬರೆದು ಮುಗಿಸಬಹುದಿತ್ತು. ಇನ್ನೊಂದು ಮಾತಿದೆ. ನನ್ನ ತಂಗಿಯ ಅಳತೆ ಸರಿಯಿಲ್ಲ ಎಂದು ನಿಮಗಿಂತ ಮೊದಲು ನಾನೇ ಅವಳಿಗೆ ಬರೆದಿದ್ದೆ. ಅವಳ ಕಾರ್ಡಿನ ಮೇಲೆ ನೀವು ಬರೆದ ಸಾಲನ್ನು ದಯವಿಟ್ಟು ಹೊಡೆದು ಹಾಕಿ. ಅದರ ಪಕ್ಕದಲ್ಲಿ, ಪುಡಿ ಒಣಗಿಸಿದವಳು ಸರಿಯಾಗಿ ಒಣಗಿಸಲಿಲ್ಲ ಎಂದು ಬರೆಯಿರಿ. ಬೇರೆ ಕಾರ್ಡುಗಳಲ್ಲೂ ಆ ಸಾಲು ಇದ್ದರೆ ಅಲ್ಲೂ ಹಾಗೇ ಮಾಡಿ.

ನಿಮ್ಮ ವಿಶ್ವಾಸಿ,
ಮಗುವಿನ ದೊಡ್ಡಮ್ಮ

*

ಏಪ್ರಿಲ್ 6

ದೊಡ್ಡಮ್ಮನವರಿಗೆ,

ನೀವು ಇನ್ನೂ ತಂಗಿಯ ಮನೆಯಲ್ಲೇ ಇದ್ದೀರಿ ಎಂದು ಆಕೆ ಹೇಳಿದಳು. ಈ ಚೀಟಿಯನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಅವತ್ತು ನಿಮ್ಮ ಪತ್ರ ಓದಿ, ಪುಡಿ ತೂಗಿ, ಮಗುವನ್ನೂ ತೂಗಿ, ಕೂಡಲೇ ಮುಂದಿನ ಮಗುವನ್ನು ಕರೆದುಬಿಟ್ಟೆ. ಒರಟುತನವಲ್ಲ. ಆ ಸಾಲನ್ನು ಇನ್ನೆಷ್ಟು ಕಾರ್ಡುಗಳ ಮೇಲೆ ಬರೆದಿದ್ದೇನೆ ಎಂಬುದೇ ತಲೆಯಲ್ಲಿತ್ತು.

ನಿಮ್ಮ ಮಗು ಅವತ್ತಿಗೆ ಮುನ್ನೂರ ಹತ್ತು ಗ್ರಾಂ ಏರಿತ್ತು, ಇವತ್ತಿಗೆ ಇನ್ನೂ ಇನ್ನೂರು. ಕಾರ್ಡಿನ ಸಾಲನ್ನು ಹೊಡೆದು ಹಾಕಿದ್ದೇನೆ. ನೀವು ಹೇಳಿದ್ದನ್ನು ಮಾತ್ರ ಬರೆಯಲಿಲ್ಲ. ನಿಮ್ಮ ಪಾಲಿನದನ್ನು ನೀವು ಒಪ್ಪಿಕೊಂಡಾಗಿದೆ. ನನ್ನ ಪಾಲಿನದು ನನ್ನದು. ಆ ತಾಯಿ ಎರಡು ಸಲ ‘ಮಟ್ಟಸ ಹಾಕ್ತೀನಿ’ ಎಂದು ಹೇಳಿದ್ದಳು, ನಾನು ತಕ್ಕಡಿಯನ್ನು ನಂಬಿದೆ.

ರಿಜಿಸ್ಟರು ತೆಗೆದು ಕೂತೆ. ಅದೇ ಸಾಲು ನನ್ನ ಕೈಬರಹದಲ್ಲಿ ಇನ್ನೂ ಹತ್ತೊಂಬತ್ತು ಕಾರ್ಡುಗಳ ಮೇಲಿತ್ತು. ಒಂಬತ್ತು ದಿನಗಳಿಂದ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದೇನೆ. ಹದಿನೈದು ಮನೆಯಲ್ಲಿ ಪುಡಿ ತೂಗಿ ತೋರಿಸಿ, ತಪ್ಪಾಯಿತು ಎಂದು ಹೇಳಿ ಬಂದೆ. ಕೆಲವರು ಬೈದರು, ಒಬ್ಬಳು ನನ್ನ ಕೈ ಹಿಡಿದು ಅತ್ತಳು. ಮೂರು ಮಕ್ಕಳು ನಾನು ಬರೆದ ಚೀಟಿಯಿಂದಲೇ ಆಸ್ಪತ್ರೆ ಸೇರಿದ್ದವು. ಅಲ್ಲಿಗೂ ಹೋಗಿ ಬಂದೆ, ತಾಯಂದಿರನ್ನು ಇಡೀ ದಿನ ಒಳಗೆ ಬಿಡಲು ಒಪ್ಪಿಸಿದ್ದೇನೆ.

ಉಳಿದದ್ದು ಒಂದು ಮನೆ. ಮೂರು ಸಲ ಹೋದೆ. ಆಕೆ ಕಿಟಕಿಯಿಂದ ನನ್ನನ್ನು ನೋಡುತ್ತಾಳೆ, ಬಾಗಿಲು ತೆಗೆಯುವುದಿಲ್ಲ. ಮಗುವನ್ನು ಕಿತ್ತುಕೊಂಡು ಹೋಗಲು ಬಂದಿದ್ದೇನೆ ಎಂದು ತಿಳಿದಿದ್ದಾಳೆ. ಒಳಗೆ ಅದು ಅಳುವುದು ಬೀದಿಗೆ ಕೇಳುತ್ತದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಹೋಗುತ್ತೇನೆ. ನೀವೂ ಬನ್ನಿ, ತಂಗಿಯನ್ನೂ ಮಗುವನ್ನೂ ಕರೆದುಕೊಂಡು ಬನ್ನಿ. ನನಗೆ ಆಕೆ ಬಾಗಿಲು ತೆಗೆಯುವುದಿಲ್ಲ.

ಇಂತಿ,
ಕ್ಲಿನಿಕ್ಕಿನ ನರ್ಸ್